ಕಾಶೆವ್ವನ ಡಬರಿ

ಮೂಡಲಗಿಯ ಬಸದಿ ಓಣಿಯಲ್ಲಿ ಪದ್ಮವ್ವನ ಬಾಯಿಗೆ ಹೆದರದವರು ಇಬ್ಬರೇ. ಒಬ್ಬಳು ಸೊಸೆ ಮಯೂರಿ, ಯಾಕೆಂದರೆ ಅತ್ತೆ ಬೈಯುವಾಗ ಅವಳಿಗೆ ನಗು ಬರುತ್ತಿತ್ತು. ಇನ್ನೊಬ್ಬಳು ಬಾಜೂ ಮನೆಯ ಕಾಶೆವ್ವ, ಯಾಕೆಂದರೆ ಬೈಸಿಕೊಳ್ಳುವಂಥದ್ದನ್ನು ಅವಳು ಎಂದೂ ಮಾಡಿರಲಿಲ್ಲ. ಉಳಿದವರೆಲ್ಲ, ಹಾಲಿನವನಿಂದ ಹಿಡಿದು ಬಸದಿಯ ಪೂಜಾರಿಯವರೆಗೆ, ಪದ್ಮವ್ವ ಕಟ್ಟೆಯ ಮೇಲೆ ಕೂತಿದ್ದರೆ ನೆಲ ನೋಡಿಕೊಂಡು ದಾಟುತ್ತಿದ್ದರು.

ಹಾಗಂತ ಪದ್ಮವ್ವ ಕೆಟ್ಟವಳೇನಲ್ಲ. ಘೋಡಗೇರಿಯ ಜೈನರ ಮನೆಯ ಮಗಳು. ಗಂಡ ತೀರಿಕೊಂಡಾಗ ಮಗ ಸಮ್ಮೇದ ಇನ್ನೂ ಸಾಲಿಗೆ ಹೋಗುತ್ತಿದ್ದ. ಕಾಳುಕಡಿ ಅಂಗಡಿಯ ಗಲ್ಲಾದ ಮೇಲೆ ತಾನೇ ಕೂತು, ತೂಕದಲ್ಲಿ ಒಂದು ಕಾಳೂ ಅತ್ತಿತ್ತ ಮಾಡದೆ ಮಗನನ್ನು ದೊಡ್ಡವನನ್ನಾಗಿ ಮಾಡಿದಳು. ಈಗ ಅವನ ಅಂಗಡಿ ಗೋಕಾಕದಲ್ಲಿತ್ತು. ಇರುವೆ ಸಾಲು ಹೊಂಟಿದ್ದರೆ ಪದ್ಮವ್ವ ಹೊಸ್ತಿಲಲ್ಲೇ ನಿಂತು ಕಾಯುತ್ತಿದ್ದಳು. ನೀರನ್ನು ಸೋಸದೆ ಬಾಯಿಗೆ ಹಾಕುತ್ತಿರಲಿಲ್ಲ. ಉಳ್ಳಾಗಡ್ಡಿಯನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಇಷ್ಟೆಲ್ಲ ದಯೆ ಇದ್ದ ಹೆಂಗಸಿಗೆ ನಾಲಿಗೆಯೊಂದು ಕೈಗೆ ಸಿಕ್ಕಿರಲಿಲ್ಲ, ಅಷ್ಟೆ.

ಕಾಶೆವ್ವ ಕೊರಳಲ್ಲಿ ಲಿಂಗ ಕಟ್ಟಿದವಳು. ಎರಡೂ ಮನೆಗೆ ನಡುವೆ ಒಂದೇ ಗೋಡೆ. ಪದ್ಮವ್ವ ಆ ಓಣಿಗೆ ಬಂದಾಗಿನಿಂದ ಇಬ್ಬರದೂ ಕೂಡಿ ನಡೆದ ಬಾಳುವೆ. ಇವಳ ಬಾಣಂತನದಲ್ಲಿ ಅವಳು ನೀರು ಕಾಸಿದ್ದಳು. ಕಾಶೆವ್ವನ ಮಗಳು ಶೋಭಾಗೆ ಜ್ವರ ಬಂದಾಗ ಇವಳು ತಲೆಯ ಹತ್ತಿರ ಕೂತಿದ್ದಳು. ಶೋಭಾ ಮಾತು ಕಲಿತಾಗಿನಿಂದ ಪದ್ಮವ್ವನನ್ನು "ದೊಡ್ಡವ್ವಾ" ಎಂದೇ ಕರೆಯುತ್ತಿದ್ದಳು. ಕಾಶೆವ್ವನಂತೂ "ಪದ್ಮಕ್ಕಾ, ಬಾ, ಕುಂದ್ರ" ಎಂದು ಏಕವಚನದಲ್ಲೇ ಮಾತಾಡುತ್ತಿದ್ದಳು. ಇಡೀ ಓಣಿಯಲ್ಲಿ ಪದ್ಮವ್ವನಿಗೆ "ರೀ" ಹಚ್ಚದವಳು ಅವಳೊಬ್ಬಳೇ. ಅದು ಪದ್ಮವ್ವನಿಗೆ ಬಲು ಸೇರುತ್ತಿತ್ತು.

ಇನ್ನೊಂದು ಋಣವೂ ಇತ್ತು. ಹೊತ್ತು ಮುಳುಗುವ ಮುಂಚೆ ಉಂಡು ಕೈ ತೊಳೆಯಬೇಕು, ಅದು ಪದ್ಮವ್ವನ ನೇಮ. ಅವಳ ಮನೆಯ ಪಡುವಣಕ್ಕೆ ಯಾರೋ ಎತ್ತರದ ಗೋದಾಮು ಕಟ್ಟಿಸಿದ ಮೇಲೆ ಆ ಮನೆಗೆ ಮುಳುಗುವ ಸೂರ್ಯ ಕಾಣುವುದು ನಿಂತಿತ್ತು. ಗಡಿಯಾರ ನೋಡಿ ಉಣ್ಣಿರಿ ಎಂದು ಮಯೂರಿ ಹೇಳಿದರೆ, "ಗಡಿಯಾರಕ್ಕ ಸೆಲ್ ಹಾಕಾವ ನಿನ್ನ ಗಂಡ. ಸೂರ್ಯಾಗ ಯಾರ್ ಹಾಕ್ತಾರ?" ಎಂದು ಬಾಯಿ ಮುಚ್ಚಿಸಿದ್ದಳು. ಅವಳ ಗಡಿಯಾರ ಕಾಶೆವ್ವ. ಸಂಜೆಗೆ ಒಣಗಿದ ಅರಿವೆ ತೆಗೆಯಲು ಮಾಳಿಗೆ ಹತ್ತಿದಾಗ ಪಡುವಣಕ್ಕೆ ಕಣ್ಣು ಹಾಯಿಸಿ, "ಪದ್ಮಕ್ಕಾ, ಹೊತ್ತು ಹೊಂಟತಿ! ತಾಟು ಹಚ್ಚಿಗೋ!" ಎಂದು ಕೂಗುತ್ತಿದ್ದಳು. ಮಳೆ ಇರಲಿ, ಮೈಯಲ್ಲಿ ನೆಟ್ಟಗಿಲ್ಲದಿರಲಿ, ಆ ಕೂಗು ತಪ್ಪುತ್ತಿರಲಿಲ್ಲ.

ಎರಡು ಸಾವಿರದ ಒಂಬತ್ತರ ಮಳೆಗಾಲದಲ್ಲಿ ಪದ್ಮವ್ವನ ಮನೆಗೆ ನೆಟ್ ಬಂತು. ಅದೂ ವೈರಿಲ್ಲದ ನೆಟ್. ಮಯೂರಿ ಹತ್ತರಗಿಯವಳು, ಬಿ.ಕಾಂ. ಓದಿದವಳು, ಕನ್ನಡ ಮರಾಠಿ ಎರಡೂ ಟೈಪ್ ಮಾಡುತ್ತಿದ್ದಳು. ಸಾಂಗಲಿಯ ಒಂದು ಛಾಪಖಾನೆಯವರು ಮನೆಯಲ್ಲೇ ಕೂತು ಮಾಡುವ ಕೆಲಸ ಕೊಟ್ಟಿದ್ದರು. ಅವರು ಸಂಜೆಗೆ ಪುಟ ಕಳಿಸಬೇಕು, ಇವಳು ತಿದ್ದಿ ಅಂದೇ ತಿರುಗಿ ಕಳಿಸಬೇಕು. "ಹೊಸ್ತಿಲಾ ದಾಟದನ ಪಗಾರ ಬರ್ತೈತಿ ಅಂದ್ರ ಯಾಕ ಬ್ಯಾಡ?" ಎಂದು ಒಪ್ಪಿಗೆ ಕೊಟ್ಟವಳು ಪದ್ಮವ್ವನೇ. ಫೋನ್ ಆಫೀಸಿನ ಅಲ್ಲಪ್ಪ ಬಂದು, ಹಳೇ ಫೋನಿದ್ದ ಪದ್ಮವ್ವನ ಕೋಣೆಯ ಕಲ್ಲಿನ ಗೂಡಿನಲ್ಲಿ ಒಂದು ಕರಿ ಡಬ್ಬಿ ಇಟ್ಟು ಹೋದ. ಅದಕ್ಕೊಂದು ಮಡಚುವ ಕೋಲು, ಮುಂದೆ ಮಿಣಮಿಣ ಹಸಿರು ದೀಪ. ನಡುಮನೆಯಲ್ಲಿ ಮಯೂರಿ ಲ್ಯಾಪ್‌ಟಾಪ್ ತೆರೆದಳು. ಅಲ್ಲಪ್ಪ ಏನೋ ಒತ್ತಿದ. ಯಾವ ದಾರವೂ ಇಲ್ಲದೆ ಸಾಂಗಲಿಯ ಕಾಗದ ಮೂಡಲಗಿಯಲ್ಲಿ ತೆರೆಯಿತು. ಪದ್ಮವ್ವ ಆ ವಾರವೆಲ್ಲ ಕಟ್ಟೆಯ ಮೇಲೆ ಕೂತು ಅದೇ ಸುದ್ದಿ ಹೇಳಿದಳು.

ಹೋಗುವಾಗ ಅಲ್ಲಪ್ಪ ಒಂದು ಮಾತು ಹೇಳಿದ್ದ. "ಅಮ್ಮಾರ, ಇದರ ಮ್ಯಾಲ ಬಟ್ಟಿ ಗಿಟ್ಟಿ ಮುಚ್ಚಬ್ಯಾಡ್ರಿ. ಕಾಯ್ತೈತಿ, ಸುಟ್ಟು ಹೊಕ್ಕೈತಿ." ಪದ್ಮವ್ವ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಎಡವಟ್ಟಾದದ್ದೇ ಅಲ್ಲಿ.

ಚಾತುರ್ಮಾಸ ಹಿಡಿದಿತ್ತು. ಮಳೆಗಾಲದ ಹುಳಹುಪ್ಪಡಿ ದೀಪಕ್ಕೆ ಬಿದ್ದು ಸಾಯಬಾರದೆಂದು ಆ ನಾಲ್ಕು ತಿಂಗಳು ಪದ್ಮವ್ವ ತನ್ನ ಕೋಣೆಯಲ್ಲಿ ಹೊತ್ತು ಮುಳುಗಿದ ಮೇಲೆ ದೀಪವನ್ನೇ ಹಚ್ಚುತ್ತಿರಲಿಲ್ಲ. ಉಂಡು, ಬಾಗಿಲು ಮುಂದೆ ಮಾಡಿಕೊಂಡು, ಕತ್ತಲೆಯಲ್ಲೇ ಜಪಕ್ಕೆ ಕೂಡುವಳು. ಹಾಗೆ ಕೂತಾಗ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಜಪ ಮುಗಿದರೆ ಅಲ್ಲೇ ಹಾಸಿಗೆ. ನೆಟ್ ಬಂದ ಮೇಲೆ ಆ ಕತ್ತಲ ಕೋಣೆಯಲ್ಲಿ ಬೆಳಕೆಂದರೆ ಡಬ್ಬಿಯ ಹಸಿರು ಚುಕ್ಕೆಗಳಷ್ಟೇ. ಓಣಿಯ ಹುಳವೆಲ್ಲ ಅಲ್ಲಿಗೇ ಬರಹತ್ತಿತು. ಒಂದು ಸಂಜೆ ನೋಡುತ್ತಾಳೆ, ಗೂಡಿನ ಅಂಚಿನಲ್ಲಿ ಹಲ್ಲಿಯೊಂದು ಕೂತು, ಬಂದ ಹುಳವನ್ನು ಬಂದ ಹಾಗೆ ಗುಳುಂ ಮಾಡುತ್ತಿದೆ. ಪದ್ಮವ್ವ ಜಪ ಬಿಟ್ಟು ಎದ್ದಳು. ಈ ಪಾಪವೆಲ್ಲ ಯಾರ ತಲೆಗೆ? ಬಟ್ಟೆ ಮುಚ್ಚುವಂತಿಲ್ಲ, ಅಲ್ಲಪ್ಪ ಹೇಳಿದ್ದಾನೆ. ಪಾತ್ರೆ ಸುಡುವುದಿಲ್ಲವಲ್ಲ?

ಅಡುಗೆಮನೆಯಲ್ಲಿ ಕಾಶೆವ್ವನ ಹಿತ್ತಾಳೆಯ ಡಬರಿ ಇತ್ತು. ಕಾರಹುಣ್ಣಿಮೆಗೆ ಅದರ ತುಂಬ ಗೋಧಿಹುಗ್ಗಿ ಕಳಿಸಿದ್ದಳು. ಮಂದಿಯ ಪಾತ್ರೆಯನ್ನು ಬರಿದು ತಿರುಗಿಸುವ ರೂಢಿ ಆ ಎರಡೂ ಮನೆಯಲ್ಲಿಲ್ಲ. ಪಂಚಮಿಗೆ ಉಂಡಿ ತುಂಬಿ ಕೊಟ್ಟರಾಯಿತೆಂದು ಪದ್ಮವ್ವ ಹಾಗೇ ಇಟ್ಟುಕೊಂಡಿದ್ದಳು. ಆ ಡಬರಿ ತಂದು, ಕೋಲು ಮಡಚಿ, ಡಬ್ಬಿಯ ಮೇಲೆ ಬೋರಲು ಹಾಕಿದಳು. ಬೆಳಕು ಮುಚ್ಚಿತು. ಹಲ್ಲಿ ಹೋಯಿತು. ಅಂದಿನಿಂದ ಸಂಜೆಯಾದರೆ ಹಾಕುವುದು, ಬೆಳಗಾದರೆ ತೆಗೆಯುವುದು ಅವಳ ನೇಮದೊಳಗೆ ಸೇರಿತು. ಇದನ್ನು ಯಾರಿಗಾದರೂ ಹೇಳಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ.

ಅಂದಿನಿಂದಲೇ ಮಯೂರಿಯ ನೆಟ್ ಕೆಟ್ಟಿತು. ಹಗಲೆಲ್ಲ ಚಂದ ಓಡುವುದು, ಹೊತ್ತು ಮುಳುಗಿದರೆ ಬಂದ್. ಅಲ್ಲಪ್ಪ ಹಗಲಿಗೆ ಬಂದು ನೋಡಿದರೆ ಏನೂ ದೋಷವಿಲ್ಲ. ಸಂಜೆ ಮಯೂರಿ ಬಾಗಿಲ ಹೊರಗೆ ನಿಂತು, "ಅತ್ತೀ, ಡಬ್ಬಿ ಲೈಟ್ ಹತ್ಯಾವೇನ್ರಿ?" ಎಂದು ಕೇಳುವಳು. ಪದ್ಮವ್ವ ಡಬರಿಯ ಅಂಚು ಎತ್ತಿ ಇಣುಕಿ ನೋಡಿ, "ಹತ್ಯಾವು ಬೇ, ಎಲ್ಲಾ ಹತ್ಯಾವು," ಎಂದು ಮತ್ತೆ ಮುಚ್ಚುವಳು. ಸುಳ್ಳೇನಲ್ಲ. ಎಲ್ಲ ದೀಪಗಳೂ ಹತ್ತಿಯೇ ಇರುತ್ತಿದ್ದವು.

ಎರಡನೇ ಸಲ ಬಂದಾಗ ಅಲ್ಲಪ್ಪ ತಲೆ ಕೆರೆದುಕೊಂಡ. "ಬಾಜೂಕಿನವ್ರು ಯಾರರೆ ನಿಮ್ಮ ನೆಟ್ ಹಿಡಕೊಂಡ್ರೂ ಹಿಂಗಾಕ್ಕೈತ್ರಿ. ಪಾಸ್‌ವರ್ಡ್ ಹಾಕ್ತೇನಿ, ಯಾರಿಗೂ ಹೇಳಬ್ಯಾಡ್ರಿ," ಎಂದ. ಹಾಕಿ ಹೋದ. ಸಂಜೆಗೆ ಮತ್ತದೇ ಕಥೆ. ಸಾಂಗಲಿಯವರು ಫೋನ್ ಮಾಡಿ, ಹೀಗೇ ಆದರೆ ಕೆಲಸ ಬೇರೆಯವರಿಗೆ ಕೊಡುತ್ತೇವೆ ಎಂದರು. ಮಯೂರಿ ಅಡುಗೆಮನೆಯಲ್ಲಿ ಕೂತು ಕಣ್ಣೊರೆಸಿಕೊಂಡಳು.

ಅಲ್ಲಪ್ಪನ ಮಾತು ಪದ್ಮವ್ವನ ತಲೆಯಲ್ಲಿ ಕೊರೆಯಹತ್ತಿತು. ಕೆಳಗಿನ ಮನೆಯವರು ನಳಕ್ಕೆ ಮೋಟರ್ ಹಚ್ಚಿದರೆ ಮೇಲಿನ ಮನೆಯ ನಳದಲ್ಲಿ ಬರೀ ಗಾಳಿ ಬರುತ್ತದೆ. ಇದನ್ನು ಅವಳು ಜೀವನವೆಲ್ಲ ನೋಡಿದ್ದಳು. ನೆಟ್ಟೂ ಹಾಗೇ ಇರಬೇಕು. ಹೊತ್ತು ಮುಳುಗುವಾಗ ಓಣಿಗೆ ಬರುವವರು ಯಾರು? ಶೋಭಾ. ಸಾಲಿ ಮಾಸ್ತರ್ತಿ, ಸಂಜೆಗೆ ಮನೆ ಸೇರುತ್ತಾಳೆ, ಬಂದವಳೇ ಹೊಸದಾಗಿ ಕೊಂಡ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಬೆನ್ನು ಹಚ್ಚಿ ಕೂಡುತ್ತಾಳೆ. ಯಾವ ಗೋಡೆ? ಇದೇ ಗೋಡೆ! "ಶೋಭಾ ಅಂಥಾಕಿ ಅಲ್ರಿ ಅತ್ತಿ, ಆಕಿ ಮಾರ್ಕ್ಸ್ ಬರೀತಾಳ," ಎಂದು ಮಯೂರಿ ಹೇಳಿದಳು. ಸಿಟ್ಟು ನೆತ್ತಿಗೇರಿದ ಮೇಲೆ ಪದ್ಮವ್ವನಿಗೆ ಕಿವಿ ಕೇಳುವುದುಂಟೇ?

ಮರುದಿನ ಬೆಳಿಗ್ಗೆ ಓಣಿಯ ನಳದ ಮುಂದೆ ಕೊಡಗಳ ಪಾಳಿ. ಕಾಶೆವ್ವ ಬಗ್ಗಿ ಕೊಡ ತೊಳೆಯುತ್ತಿದ್ದಳು. ಪದ್ಮವ್ವ ಎಲ್ಲರ ಮುಂದೆ ನಿಂತು ಅಂದೇಬಿಟ್ಟಳು.

"ಕಾಶೀ, ನಿನ್ನ ಮಗಳಿಗೆ ನೆಟ್ ಬೇಕಾಗಿದ್ರ ಬಾಯಿ ಬಿಟ್ಟು ಕೇಳಬೇಕಿತ್ತು. ಕೊಡ್ತಿದ್ದೆ. ಕದಿಯೂದ್ಯಾಕ? ನಮ್ಮ ಮಯೂರಿ ಅನ್ನಕ್ಕ ಕಲ್ಲು ಹಾಕಿ ಏನ್ ಸಿಕ್ತು ಆಕಿಗೆ? ಸಾಲಿಯೊಳಗ ಹುಡುಗರಿಗೆ ಇದನ್ನ ಕಲಸ್ತಾಳೇನು?"

ಕಾಶೆವ್ವನ ಕೈ ಅಲ್ಲೇ ನಿಂತಿತು. "ಏನಂದಿ ಪದ್ಮಕ್ಕಾ?"

"ಅಂದದ್ದು ಕೇಳಸ್ಲಿಲ್ಲೇನು? ನಿನ್ನ ಮಗಳು ಕಳ್ಳಿ ಅಂದೆ."

ಕಾಶೆವ್ವ ಅರ್ಧ ತೊಳೆದ ಖಾಲಿ ಕೊಡವನ್ನೇ ಸೊಂಟಕ್ಕೆ ಇಟ್ಟುಕೊಂಡು ಹೊರಟುಹೋದಳು. ಪಾಳಿಯಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೆದ್ದವಳ ಹಾಗೆ ಪದ್ಮವ್ವ ತನ್ನ ಕೊಡವನ್ನು ನಳದ ಕೆಳಗೆ ಸರಿಸಿದಳು.

ಅಂದಿನಿಂದ ಕೂಗು ನಿಂತಿತು. ಸಂಜೆಗೆ "ಪದ್ಮಕ್ಕಾ" ಎನ್ನುವ ದನಿ ಇಲ್ಲ. ಅದರ ಬದಲು ಕಾಶೆವ್ವನ ಮಾಳಿಗೆಯ ಮೇಲಿಂದ ಢಣ್ ಢಣ್ ಎಂದು ತಾಟು ಬಡಿಯುವ ಸದ್ದು. "ಕೇಳು, ಕೇಳು, ನನ್ನ ಮ್ಯಾಲಿನ ಸಿಟ್ಟು ತಾಟಿನ ಮ್ಯಾಲ ತೀರಸ್ಕೊಳ್ಳಾಕತ್ತಾಳ," ಎಂದು ಪದ್ಮವ್ವ ಸೊಸೆಯ ಮುಂದೆ ಮೂಗು ಮುರಿದಳು. ಮರುದಿನವೂ ಸದ್ದು, ಅದರ ಮರುದಿನವೂ ಸದ್ದು. ಆ ಸದ್ದು ಕೇಳಲಾರದೆ ಅವಳು ತಾಟು ಹಚ್ಚಿಕೊಂಡು ಗಬಗಬ ಉಂಡು ಕೋಣೆ ಸೇರುತ್ತಿದ್ದಳು.

ಪಂಚಮಿ ಬಂತು, ಹೋಯಿತು. ಡಬರಿಗೆ ಉಂಡಿ ಬೀಳಲಿಲ್ಲ. ಒಂದು ಸಂಜೆ ಶೋಭಾ ಬಾಗಿಲಿಗೆ ಬಂದು ನಿಂತಳು. ಒಳಗೆ ಬಾರದೆ, ನೆಲ ನೋಡುತ್ತ, "ನಮ್ಮವ್ವ ಡಬರಿ ಇಸ್ಕೊಂಡು ಬಾ ಅಂದಾಳ್ರಿ," ಎಂದಳು. ದೊಡ್ಡವ್ವಾ ಎನ್ನಲಿಲ್ಲ. ಪದ್ಮವ್ವನಿಗೆ ರೇಗಿತು. ಡಬರಿ ಬೇಕಂತೆ ಡಬರಿ! ದಡದಡ ಕೋಣೆಗೆ ಹೋಗಿ, ಆಗಷ್ಟೇ ಬೋರಲು ಹಾಕಿದ್ದ ಡಬರಿಯನ್ನು ಎತ್ತಿಕೊಂಡು ಬಂದು, ಬರಿದಾಗಿದ್ದುದನ್ನು ಬರಿದಾಗಿಯೇ ಶೋಭಾಳ ಮುಂದೆ ಹಿಡಿದಳು.

"ಅತ್ತೀ! ನೆಟ್ ಬಂತ್ರಿ!" ನಡುಮನೆಯಿಂದ ಮಯೂರಿ ಚೀರಿದಳು.

"ಬರದ ಏನ್ ಮಾಡೀತು? ಕದಿಯಾವ್ರು ಇಲ್ಲೆ ಬಾಗಲದಾಗ ನಿಂತಾರಲ್ಲ," ಎಂದಳು ಪದ್ಮವ್ವ. ಆ ಹೊತ್ತಿಗೂ ಆ ನಾಲಿಗೆ ಸುಮ್ಮನಿರಲಿಲ್ಲ.

ಮಯೂರಿ ಎದ್ದು ಬಂದಳು. ಅತ್ತೆಯ ಕೈಯಲ್ಲಿದ್ದ ಡಬರಿ ನೋಡಿದಳು, ತೆರೆದ ಕೋಣೆಯೊಳಗೆ ಮಿಣುಕುತ್ತಿದ್ದ ಹಸಿರು ದೀಪ ನೋಡಿದಳು. "ಅತ್ತೀ, ಈ ಡಬರಿ ಎಲ್ಲಿತ್ರಿ?"

"ಡಬ್ಬಿ ಮ್ಯಾಲ. ಹುಳ ಬರ್ತಾವಂತ ದಿನಾ ಮುಚ್ಚತೇನಿ."

ಮಯೂರಿ ಡಬರಿ ಇಸಿದುಕೊಂಡು ಒಳಗೆ ಹೋಗಿ ಡಬ್ಬಿಯ ಮೇಲೆ ಮುಚ್ಚಿದಳು. ಬಂದು ಲ್ಯಾಪ್‌ಟಾಪ್ ನೋಡಿದಳು. ನೆಟ್ ಹೋಗಿತ್ತು. ಹೋಗಿ ತೆಗೆದಳು. ನೆಟ್ ಬಂತು. ಅವಳಿಗೆ ಮೊದಲು ನಗು ಒತ್ತರಿಸಿ ಬಂತು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಶೋಭಾಳ ಮುಖ ಕಂಡು ಆ ನಗು ಅಲ್ಲೇ ಸತ್ತಿತು. ಮೂವರಿಗೂ ತಿಳಿಯಿತು. ಮಯೂರಿಯ ಕೈಯಿಂದ ಡಬರಿ ತೆಗೆದುಕೊಂಡು ಶೋಭಾ ಮೆಟ್ಟಿಲಿಳಿದು ಹೋದಳು. ಪದ್ಮವ್ವನಿಗೆ ಕಾಲ ಕೆಳಗಿನ ನೆಲ ಬಾಯಿ ತೆರೆದು ತನ್ನನ್ನು ನುಂಗಬಾರದೇ ಎನ್ನಿಸಿತು.

ಮಯೂರಿ ಬೈಯಲಿಲ್ಲ. ಕರಿ ಟೇಪಿನ ಸುರುಳಿ ತಂದು, ಚೂರು ಚೂರು ಕತ್ತರಿಸಿ ಡಬ್ಬಿಯ ದೀಪಗಳ ಮೇಲೆ ಅಂಟಿಸಿದಳು. ಕೋಣೆ ಕತ್ತಲಾಯಿತು. ನೆಟ್ ನಡೆದೇ ಇತ್ತು.

"ಇಷ್ಟ ಇತ್ತೇನವ್ವ?" ಎಂದಳು ಪದ್ಮವ್ವ, ಗೋಡೆ ಹಿಡಿದುಕೊಂಡು.

"ನನಗೊಂದ್ ಮಾತು ಹೇಳಿದ್ರ ಆಗ್ತಿತ್ರಿ ಅತ್ತಿ."

ಮಯೂರಿಯ ಕೆಲಸ ಉಳಿಯಿತು. ಅತ್ತೆಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಕಟ್ಟೆಯ ಮೇಲೆ ಕೂಡುವುದನ್ನು ಬಿಟ್ಟಳು. ನೀರಿಗೆ ಸೊಸೆಯನ್ನು ಕಳಿಸಿದಳು. ಬಸದಿಗೆ ಹಿತ್ತಲ ದಾರಿ ಹಿಡಿದಳು. ಒಂದು ದಿನ ಬೀದಿಯಲ್ಲಿ ಶೋಭಾ ಎದುರಾದಾಗ ಹಿಂದಿರುಗಲೂ ಆಗದೆ, ಮುಂದೆ ಹೋಗಲೂ ಆಗದೆ ಯಾರದೋ ಬಾಗಿಲ ಕಡೆ ಮುಖ ಮಾಡಿ ನಿಂತಳು. ಶೋಭಾಳೇ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಅವ್ವಗ ನಾ ಏನೂ ಹೇಳಿಲ್ರಿ." ಬೈದಿದ್ದರೆ ಎಷ್ಟೋ ಚಲೋ ಇತ್ತು. ಕಳ್ಳಿ ಎನ್ನಿಸಿಕೊಂಡ ಹುಡುಗಿ, ಅಂದವಳ ಮಾನ ಕಾಯುತ್ತಿದ್ದಳು. ಪದ್ಮವ್ವನಿಗೆ ತನ್ನ ಮೇಲೆಯೇ ಹೇಸಿಗೆ ಬಂತು.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದು ಕ್ಷಮಾವಳಿಯ ದಿನ ಬಂತು. ಅಂದು ಜೈನರು ಕಂಡಕಂಡವರಿಗೆಲ್ಲ ಕೈ ಮುಗಿದು, ತಿಳಿದೋ ತಿಳಿಯದೆಯೋ ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೇಳುತ್ತಾರೆ. ಪ್ರತಿವರ್ಷ ಪದ್ಮವ್ವ ಕಾಶೆವ್ವನ ಮನೆಗೂ ಹೋಗಿ ಕೇಳುತ್ತಿದ್ದಳು. "ನೀ ಏನ್ ತಪ್ಪು ಮಾಡ್ತಿ ಅಕ್ಕಾ? ಬಾ, ಕುಂದ್ರ," ಎಂದು ಕಾಶೆವ್ವ ನಗುತ್ತಿದ್ದಳು. ತಪ್ಪಿಲ್ಲದಾಗ ಆ ಮಾತು ಎಷ್ಟು ಸಲೀಸಾಗಿ ಬರುತ್ತಿತ್ತು! ಈ ವರ್ಷ ಬಸದಿಯಲ್ಲಿ ಎಲ್ಲರಿಗೂ ಕೈ ಮುಗಿದು ಬಂದವಳು, ಆ ಒಂದು ಹೊಸ್ತಿಲ ಮುಂದೆ ಎರಡು ಸಲ ಹೋಗಿ ಹಿಂದಿರುಗಿದಳು. ಇಳಿಹೊತ್ತಿಗೆ ಎದೆ ಗಟ್ಟಿ ಮಾಡಿಕೊಂಡು ಕಾಶೆವ್ವನ ಮಾಳಿಗೆ ಹತ್ತಿದಳು.

ಕಾಶೆವ್ವ ಅರಿವೆ ಮಡಚುತ್ತಿದ್ದಳು. ಪದ್ಮವ್ವ ಕೈ ಮುಗಿದಳು. "ತಿಳಿದೋ ತಿಳೀದನೋ ನನ್ನಿಂದ ತಪ್ಪಾಗಿದ್ರ ಕ್ಷಮಾ ಮಾಡಬೇಕು."

"ಆತ್ರಿ ಪದ್ಮವ್ವಾರ. ಮಾಡೇನ್ರಿ," ಎಂದಳು ಕಾಶೆವ್ವ. ತಲೆ ಎತ್ತಲಿಲ್ಲ.

ಮುಗಿಯಿತು. ಕ್ಷಮೆ ಸಿಕ್ಕಿತು. ಡಬರಿಯ ಸುದ್ದಿ ಅವಳಿಗೆ ಗೊತ್ತಿಲ್ಲ, ಶೋಭಾ ಹೇಳುವುದೂ ಇಲ್ಲ. ಇನ್ನು ಇಳಿದು ಹೋದರೆ ಕೇಳುವವರು ಯಾರು? ಆದರೆ ಆ "ರೀ" ಪದ್ಮವ್ವನ ಮುಖಕ್ಕೆ ಹೊಡೆದಂತಾಗಿತ್ತು. ಅವಳು ಮೆಟ್ಟಿಲಿಗೆ ಕಾಲಿಟ್ಟಳು.

ಹಿಂದೆ ಢಣ್ ಎಂದಿತು. ತಿರುಗಿ ನೋಡಿದಳು. ಕಾಶೆವ್ವ ಪಡುವಣಕ್ಕೆ ಮುಖ ಮಾಡಿ, ಕೈಯಲ್ಲಿ ತಾಟು ಹಿಡಿದು, ಸೌಟಿನಿಂದ ಬಡಿಯುತ್ತಿದ್ದಳು. ಹೊತ್ತು ಹೊಲಗಳ ಅಂಚಿಗೆ ಬಂದಿತ್ತು. ಎರಡು ಪೆಟ್ಟು ಬಿದ್ದ ಮೇಲೆ ಪದ್ಮವ್ವ ಇನ್ನೂ ಅಲ್ಲೇ ನಿಂತಿರುವುದು ಕಾಶೆವ್ವನಿಗೆ ಕಂಡಿತು. ಅವಳು ನಾಚಿಕೊಂಡವಳ ಹಾಗೆ ತಾಟನ್ನು ಅರಿವೆಯ ಕೆಳಗೆ ಸರಿಸಿದಳು.

"ರೂಢಿ ಆಗೇತ್ರಿ. ನೀವು ಇಲ್ಲೇ ಅದೀರಿ ಅನ್ನೂದ ಮರತೆ."

ಪದ್ಮವ್ವನಿಗೆ ಒಂದು ಗಳಿಗೆ ತಿಳಿಯಲಿಲ್ಲ. ತಿಳಿದಾಗ ಅವಳು ಮೆಟ್ಟಿಲ ಮೇಲೆ ಕೂತಳು. "ಕಾಶೀ, ನೀ ದಿನಾ ಇದನ್ನ... ನನಗಂತ ಬಡೀತಿದ್ದೇನು?"

"ಮಾತು ಬಿಟ್ಟಿದ್ದೆ. ನೀವು ಉಪವಾಸ ಕುಂದ್ರಲಿ ಅಂತ ಬಿಟ್ಟಿದ್ದಿಲ್ಲ," ಎಂದಳು ಕಾಶೆವ್ವ.

ಪದ್ಮವ್ವನ ಬಾಯಿಂದ ಆಗ ಎಲ್ಲವೂ ಬಿತ್ತು. ಹುಳ, ಹಲ್ಲಿ, ಡಬರಿ, ಮಯೂರಿ ಮುಚ್ಚಿ ತೆಗೆದು ನೋಡಿದ್ದು. "ನಿನ್ನ ಮಗಳು ಕದ್ದಿಲ್ಲ ಕಾಶೀ. ನಿನ್ನ ಡಬರೀನ ಮುಚ್ಚಿ ನಾನ ಕೆಡಿಸಿದ್ದೆ. ಗೊತ್ತಾದ ಮ್ಯಾಲೂ ಬಾಯಿ ಮುಚ್ಕೊಂಡು ಕುಂತೆ. ಆಕೀನ ಕಳ್ಳಿ ಅಂದೆ, ಖಾಲಿ ಡಬರಿ ಕೊಟ್ಟು ಕಳಿಸಿದೆ. ನನಗ ಮಾರಿ ಎತ್ತಾಕ ಆಗವಲ್ದು."

ಕಾಶೆವ್ವನ ಕಣ್ಣು ತುಂಬಿತ್ತು, ಮುಖ ಮಾತ್ರ ಗಟ್ಟಿಯಾಗಿತ್ತು.

"ನನ್ನ ಮುಂದ ಯಾಕ ಹೇಳ್ತೀರಿ? ನನ್ನ ಮಗಳು ಕದಿಯಾಕಿ ಅಲ್ಲ ಅನ್ನೂದು ನನಗ ಮೊದಲ ಗೊತ್ತೈತಿ. ನಳದ ಮುಂದ ಅಂದಿದ್ರಿ. ನಾಳೆ ನೀರು ಬರ್ತಾವು." ಆಮೇಲೆ ಪಡುವಣಕ್ಕೆ ನೋಡಿ ಅಂದಳು: "ಈಗ ಹೋಗ್ರಿ. ಹೊತ್ತು ಮುಳಗಾಕತ್ತೇತಿ. ಉಣ್ಣ ಹೋಗ್ರಿ."

ಮರುದಿನ ಪದ್ಮವ್ವ ತಾನೇ ಕೊಡ ಹಿಡಿದು ಹೋದಳು. ಪಾಳಿಯಲ್ಲಿ ಅಂದು ಇದ್ದವರೇ ಬಹುತೇಕ ಇದ್ದರು. ಅಷ್ಟು ದೊಡ್ಡ ಬಾಯಿ ಇದ್ದವಳಿಗೆ ದನಿಯೇ ಏಳಲಿಲ್ಲ. "ಜೋರಾಗಿ ಹೇಳ್ರಿ, ಕೇಳವಲ್ದು," ಎಂದು ಪಾಳಿಯ ಹಿಂದೆ ನಿಂತಿದ್ದ ದುಂಡವ್ವನೆಂಬವಳು ಅಂದಳು. ಪದ್ಮವ್ವ ಜೋರಾಗಿ ಹೇಳಿದಳು. ಶೋಭಾ ಕಳ್ಳಿ ಅಲ್ಲ, ತಪ್ಪು ನನ್ನದು, ಎಂದಳು. ಡಬರಿಯ ಕಥೆಗೆ ಒಬ್ಬಿಬ್ಬರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಗಲಿ ಎಂದು ನಿಂತಳು. ಕಾಶೆವ್ವ ಕೊಡ ತುಂಬಿಸಿಕೊಂಡು, ಎಲ್ಲವನ್ನೂ ಕೇಳಿಸಿಕೊಂಡು ಮನೆಗೆ ಹೋದಳು.

ಆ ಸಂಜೆ ಪದ್ಮವ್ವ ತಾಟು ಹಚ್ಚಿಕೊಂಡು ಅಡುಗೆಮನೆಯ ಕಿಟಕಿಯ ಹತ್ತಿರ ಕೂತಳು. ಗೋದಾಮಿನ ಗೋಡೆ ಬಿಟ್ಟರೆ ಅಲ್ಲಿಂದ ಏನೂ ಕಾಣುತ್ತಿರಲಿಲ್ಲ. ಬಾಜೂ ಮನೆಯ ಮಾಳಿಗೆಯ ಮೇಲೆ ಹೆಜ್ಜೆ ಸಪ್ಪಳವಾಯಿತು. ಅವಳು ಕಿವಿ ನಿಮಿರಿಸಿದಳು. ಢಣ್ ಢಣ್ ಎಂದು ತಾಟು ಬಡಿದ ಸದ್ದು ಕೇಳಿತು. ಅದರ ಹಿಂದೆಯೇ "ಪದ್ಮಕ್ಕಾ" ಎನ್ನುವ ಕೂಗು ಬಂದೀತೇನೋ ಎಂದು, ಕೈಯಲ್ಲಿ ತುತ್ತು ಹಿಡಿದುಕೊಂಡು ಸ್ವಲ್ಪ ಹೊತ್ತು ಕಾದಳು. ಹೆಜ್ಜೆಗಳು ಕೆಳಗಿಳಿದು ಹೋದವು.

"ಉಣ್ರಿ ಅತ್ತಿ, ಹೊತ್ತು ಹೋದೀತು," ಎಂದಳು ಮಯೂರಿ.

ಪದ್ಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಉಂಡಳು.